ಗಾಜಿನ ಮನೆಯೆಂಬ ಕಲ್ಲಿನ ಮನೆ

ಇಂಗ್ಲೆಂಡಿನ ಎಂ-1 ಹೆದ್ದಾರಿಯಲ್ಲಿ ಲಂಡನ್ ಕಡೆಯಿಂದ ಉತ್ತರಕ್ಕೆ ಹೋಗುತ್ತಿದ್ದರೆ, 28ನೇ ಜಂಕ್ಷನ್ ದಾಟಿ 29 ಬರುವುದರೊಳಗೆ ಬಲಗಡೆ ದಿಬ್ಬದ ಮೇಲೆ ಎರಡು ಕಟ್ಟಡಗಳು ಕಾಣುತ್ತವೆ. ಒಂದು ಸೂರಿಲ್ಲದ ಪಾಳು ಮನೆ. ಪಕ್ಕದಲ್ಲೇ ಇರುವ ಇನ್ನೊಂದು ಆರು ಗೋಪುರಗಳ ದೊಡ್ಡ ಮನೆ. ಎದುರು ಮುಖ ಪಶ್ಚಿಮಕ್ಕಿದೆ, ಹಾಗಾಗಿ ಸಂಜೆ ಬಿಸಿಲು ಬಿದ್ದರೆ ಗೋಡೆಗೆ ಗೋಡೆಯೇ ಹೊತ್ತಿಕೊಂಡು ಉರಿಯುವ ಹಾಗೆ ಕಾಣುತ್ತದೆ. ಅಷ್ಟು ಕಿಟಕಿ! ಇದೇ ಡರ್ಬಿಶೈರಿನ ಹಾರ್ಡ್‌ವಿಕ್ ಹಾಲ್. ಹ್ಯಾರಿ ಪಾಟರ್ ಸಿನಿಮಾ ನೋಡಿದವರಿಗೆ ಹೊರಗಿನ ಆಕಾರ ಪರಿಚಯವಿರಬಹುದು. 2010ರಲ್ಲಿ ಬಂದ ಭಾಗದಲ್ಲಿ ದುಷ್ಟ ಮಾಲ್ಫಾಯ್ ಕುಟುಂಬದ ಬಂಗಲೆಯಾಗಿ ತೋರಿಸಿರುವುದು ಇದನ್ನೇ. ಪಾಪ, ಈ ಮನೆಗೆ ಅಂಥ ಪಾತ್ರ ಕೊಡಬಾರದಿತ್ತು.

ಈ ಮನೆಯ ಬಗ್ಗೆ ಇಂಗ್ಲಿಷರಲ್ಲಿ ಒಂದು ಪ್ರಾಸದ ಮಾತಿದೆ, ಗೋಡೆಗಿಂತ ಗಾಜೇ ಹೆಚ್ಚು ಅನ್ನುವ ಅರ್ಥದ್ದು. ಯಾವ ಪ್ರವಾಸಿ ಪುಸ್ತಕ ತೆಗೆದರೂ ಮೊದಲ ಸಾಲಲ್ಲೇ ಅದು ಬರುತ್ತದೆ. ಅದನ್ನು ಓದಿ ಓದಿ ನನಗೂ ಇದೊಂದು ಗಾಜಿನ ಮನೆ ಎಂದೇ ಅನ್ನಿಸಿಬಿಟ್ಟಿತ್ತು. ಆದರೆ ಮನೆಯ ನಕ್ಷೆಯನ್ನು ಎದುರಿಗಿಟ್ಟುಕೊಂಡು ಕೂತರೆ ಬೇರೆಯೇ ಕಥೆ ತೆರೆದುಕೊಳ್ಳುತ್ತದೆ. ಗಾಜು ಯಾರಿಗಾದರೂ ಕಾಣುತ್ತದೆ. ಆ ಗಾಜನ್ನು ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ಹಿಡಿದು ನಿಲ್ಲಿಸಿರುವ ಕಲ್ಲಿನ ಕೆಲಸ ಕಾಣುವುದಿಲ್ಲ, ಕಾಣಬಾರದೆಂದೇ ಅದನ್ನು ಕಟ್ಟಿದ್ದಾರೆ. ಆ ಕಲ್ಲಿನ ಕಥೆ ಹೇಳೋಣ ಅಂತ ಇದನ್ನು ಬರೆಯುತ್ತಿದ್ದೇನೆ. ಮೊದಲು ಮನೆಯೊಡತಿಯ ಕಥೆ ಹೇಳದೆ ವಿಧಿಯಿಲ್ಲ.

ಎಲಿಜಬೆತ್ ಆಕೆಯ ಹೆಸರು. ಎಲ್ಲರೂ ಕರೆಯುವುದು ಬೆಸ್ ಆಫ್ ಹಾರ್ಡ್‌ವಿಕ್ ಎಂದು. ಸುಮಾರು 1527ರಲ್ಲಿ ಇದೇ ದಿಬ್ಬದ ಮೇಲಿದ್ದ ಸಣ್ಣ ಜಮೀನ್ದಾರರ ಮನೆಯಲ್ಲಿ ಹುಟ್ಟಿದಳು. ಅಪ್ಪ ಬೇಗ ತೀರಿಕೊಂಡ, ಮನೆಯಲ್ಲಿ ಹೇಳಿಕೊಳ್ಳುವಂಥ ಆಸ್ತಿಯೇನೂ ಇರಲಿಲ್ಲ. ಬೆಸ್ ನಾಲ್ಕು ಮದುವೆಯಾದಳು. ಮೊದಲ ಗಂಡ ಹುಡುಗ, ವರ್ಷ ಎರಡು ವರ್ಷದಲ್ಲೇ ಸತ್ತ. ಎರಡನೆಯವನು ಸರ್ ವಿಲಿಯಂ ಕ್ಯಾವೆಂಡಿಶ್. ಇವನ ಜೊತೆ ಎಂಟು ಮಕ್ಕಳಾದವು, ಆರು ಉಳಿದವು. ಇಬ್ಬರೂ ಸೇರಿ 1549ರಲ್ಲಿ ಚಾಟ್ಸ್‌ವರ್ತ್ ಎಂಬ ಜಾಗ ಕೊಂಡು ಅಲ್ಲಿ ದೊಡ್ಡ ಮನೆ ಕಟ್ಟಿಸತೊಡಗಿದರು. ಅವನೂ ಹೋದ. ಮೂರನೆಯವನು ಸರ್ ವಿಲಿಯಂ ಸೇಂಟ್ ಲೋ, ಅವನೂ ಕೆಲವೇ ವರ್ಷ. ನಾಲ್ಕನೆಯವನು ಶ್ರೂಸ್‌ಬರಿಯ ಆರನೇ ಅರ್ಲ್, ಜಾರ್ಜ್ ಟಾಲ್ಬಟ್. ದೇಶದ ದೊಡ್ಡ ಸಿರಿವಂತರಲ್ಲಿ ಒಬ್ಬ.

ಇಲ್ಲಿಂದ ಕಷ್ಟ ಶುರು. ಸ್ಕಾಟ್‌ಲೆಂಡಿನ ರಾಣಿ ಮೇರಿಯನ್ನು ಸೆರೆಯಲ್ಲಿಟ್ಟುಕೊಳ್ಳುವ ಕೆಲಸವನ್ನು ಮೊದಲನೇ ಎಲಿಜಬೆತ್ ರಾಣಿ 1569ರಲ್ಲಿ ಈ ಅರ್ಲ್‌ನ ತಲೆಗೆ ಕಟ್ಟಿದಳು. ಒಂದೆರಡು ವರ್ಷದ ಮಾತಲ್ಲ, ಹದಿನೈದು ವರ್ಷ! ಸೆರೆಯಲ್ಲಿರುವ ರಾಣಿ ಎಂದರೆ ಅವಳ ಪರಿವಾರಕ್ಕೂ ಊಟ ಹಾಕಬೇಕು, ಕಾವಲಿಡಬೇಕು. ಖರ್ಚೆಲ್ಲ ಮನೆಯವರದ್ದು. ಗಂಡ ಹೆಂಡತಿ ನಡುವೆ ಮನಸ್ತಾಪ ಬೆಳೆದು ದುಡ್ಡಿನ ಜಗಳವಾಗಿ, 1580ರ ದಶಕದ ಮೊದಲಿಗೆ ಮದುವೆ ಮುರಿದೇಬಿತ್ತು. ಅರ್ಲ್ ಚಾಟ್ಸ್‌ವರ್ತ್ ತನ್ನದು ಅಂದ. ಆ ಕಾಲದ ಇಂಗ್ಲಿಷ್ ಕಾನೂನಿನಲ್ಲಿ ಮದುವೆಯಾದ ಹೆಣ್ಣಿಗೆ ಸ್ವಂತ ಆಸ್ತಿ ಅಂತ ಇರಲಿಲ್ಲ. ಹೆಂಡತಿಯದ್ದೆಲ್ಲ ಗಂಡನದ್ದೇ. ಮೂವತ್ತು ವರ್ಷ ನಿಂತು ಕಟ್ಟಿಸಿದ ಮನೆಯಿಂದ ಅರುವತ್ತರ ಹತ್ತಿರದ ಹೆಂಗಸು ಹೊರಗೆ ಬರಬೇಕಾಯ್ತು.

ಅಷ್ಟರಲ್ಲಿ ಆಕೆಯ ಸಹೋದರ ಜೇಮ್ಸ್ ಸಾಲ ಮಾಡಿ ದಿವಾಳಿಯೆದ್ದು ಜೈಲಿನಲ್ಲಿ ತೀರಿಕೊಂಡಿದ್ದ. ಹುಟ್ಟಿದ ಹಾರ್ಡ್‌ವಿಕ್ ಹರಾಜಿಗೆ ಬಂದ ಹಾಗಾಗಿತ್ತು. ಬೆಸ್ 1583ರಲ್ಲಿ ಅದನ್ನು ಕೊಂಡಳು. ಯಾರ ಹೆಸರಲ್ಲಿ ಗೊತ್ತೇ? ಮಗ ವಿಲಿಯಂನ ಹೆಸರಲ್ಲಿ! ತನ್ನ ಹೆಸರಲ್ಲಿ ತೆಗೆದುಕೊಂಡರೆ ಅದೂ ಗಂಡನ ಪಾಲಾಗುತ್ತಿತ್ತಲ್ಲ. ಹಳೇ ಮನೆಯನ್ನೇ ದೊಡ್ಡದು ಮಾಡತೊಡಗಿದಳು. ಈಗ ಪಾಳುಬಿದ್ದು ನಿಂತಿರುವುದು ಅದೇ, ಓಲ್ಡ್ ಹಾಲ್. ಅಲ್ಲಿ ಒಂದಾದ ಮೇಲೊಂದು ಕೋಣೆ ಸೇರಿಸುತ್ತ ಹೋದದ್ದರಿಂದ ಮನೆಗೆ ಒಂದು ಆಕಾರವೇ ಇಲ್ಲ. ದುಡ್ಡು ಕೈಗೆ ಬಂದ ಹಾಗೆ ಕಟ್ಟಿಸಿದ ಮನೆ ಅದು.

1590ರ ನವೆಂಬರಿನಲ್ಲಿ ಅರ್ಲ್ ಸತ್ತ. ವಿಧವೆಯಾದ ಕೂಡಲೇ ಕಾನೂನು ತಿರುಗಿತು. ಈಗ ಆಸ್ತಿ, ಆದಾಯ, ಲೆಕ್ಕ, ಸಹಿ ಎಲ್ಲಾ ಆಕೆಯದ್ದೇ. ರಾಣಿಯನ್ನು ಬಿಟ್ಟರೆ ಇಂಗ್ಲೆಂಡಿನಲ್ಲಿ ಇಷ್ಟು ಶ್ರೀಮಂತ ಹೆಂಗಸು ಇನ್ನೊಬ್ಬಳಿರಲಿಲ್ಲ ಅನ್ನುತ್ತಾರೆ. ಹೊಸ ಮನೆಯ ಪಾಯ ತೋಡಿದ್ದು ಅದೇ ಚಳಿಗಾಲದ ಆಸುಪಾಸಿನಲ್ಲಿ, ಹಳೇ ಮನೆಯ ಕೆಲಸ ಇನ್ನೂ ಮುಗಿಯದೆ ಇರುವಾಗಲೇ. ಪಕ್ಕದಲ್ಲೇ ಇನ್ನೊಂದು! ಜನ ಹುಚ್ಚು ಅಂದಿರಬೇಕು. ಆಗ ಆಕೆಗೆ ಅರುವತ್ತಮೂರು ದಾಟಿತ್ತು.

ಈಗ ಕಲ್ಲಿಗೆ ಬರೋಣ.

ನಕ್ಷೆ ಮಾಡಿದವನು ರಾಬರ್ಟ್ ಸ್ಮಿತ್‌ಸನ್ ಎಂದು ವಿದ್ವಾಂಸರೆಲ್ಲ ಒಪ್ಪುತ್ತಾರೆ. ಅವನ ಕುಟುಂಬದ ರೇಖಾಚಿತ್ರಗಳ ಕಟ್ಟು ಉಳಿದುಕೊಂಡಿದೆ, ಅದರಲ್ಲಿ ಈ ಮನೆಯನ್ನು ಹೋಲುವ ನಕ್ಷೆಯೂ ಇದೆ. ಆಗಿನ್ನೂ ವಾಸ್ತುಶಿಲ್ಪಿ ಎಂಬ ಬೇರೆ ಕಸುಬೇ ಇರಲಿಲ್ಲ. ಸ್ಮಿತ್‌ಸನ್ ಮೂಲತಃ ಕಲ್ಲುಕುಟಿಗ. ಲಾಂಗ್‌ಲೀಟ್‌ನಲ್ಲಿ ಕಲ್ಲು ಕೆತ್ತಿ, ನಾಟಿಂಗ್‌ಹ್ಯಾಮಿನ ವೊಲಾಟನ್ ಮನೆಯ ಕೆಲಸ ಮಾಡಿಸಿ, ಆಮೇಲೆ ಇಲ್ಲಿಗೆ ಬಂದವನು. 1614ರಲ್ಲಿ ಸತ್ತಾಗ ವೊಲಾಟನ್ ಚರ್ಚಿನ ಅವನ ಸಮಾಧಿ ಕಲ್ಲಿನ ಮೇಲೆ ಮಾತ್ರ 'ಆರ್ಕಿಟೆಕ್ಟರ್' ಎಂದು ಬರೆಸಿದರು. ಬೆಸ್‌ಳ ಲೆಕ್ಕದ ಪುಸ್ತಕಗಳಲ್ಲಿ ಅವನ ಸುದ್ದಿ ಬಹಳ ಕಡಿಮೆ. ಗೋಡೆ ಎಬ್ಬಿಸಿದ ರೋಡ್ಸ್ ಅಣ್ಣತಮ್ಮಂದಿರು, ಅಗ್ಗಿಷ್ಟಿಕೆ ಕೆತ್ತಿದ ಥಾಮಸ್ ಏಕರ್ಸ್, ಗಾರೆಯಲ್ಲಿ ಚಿತ್ರ ಮಾಡಿದ ಅಬ್ರಹಾಂ ಸ್ಮಿತ್, ಇವರೆಲ್ಲ ಆ ಪುಸ್ತಕಗಳಲ್ಲಿ ಸಿಗುತ್ತಾರೆ. ಲೆಕ್ಕ ನೋಡಿ ಬೆಸ್ ತಾನೇ ಸಹಿ ಹಾಕುತ್ತಿದ್ದಳು.

ಮನೆಗೆ ಬೇಕಾದದ್ದರಲ್ಲಿ ಬಹುಪಾಲು ಆಕೆಯ ಜಮೀನಿನಿಂದಲೇ ಬಂತು. ಮುಖ್ಯವಾಗಿ ಮರಳುಗಲ್ಲು. ದಿಬ್ಬದ ಕೆಳಗೇ ಗಣಿ, ತೆಗೆದ ಕಲ್ಲನ್ನು ಮೇಲಕ್ಕೆ ಎಳೆದರೆ ಆಯಿತು. ಚಾವಣಿಗೆ ಹೊದಿಸಿದ ಸೀಸ ಡರ್ಬಿಶೈರಿನದ್ದೇ. ಗಾಜಿಗೂ ಆಕೆಯದೇ ಕುಲುಮೆ. ಆಗಿನ ಕಾಲಕ್ಕೆ ಗಾಜು ಬಹಳ ದುಬಾರಿ, ಕಿಟಕಿಗೆ ಗಾಜು ಹಾಕಿಸುವುದೆಂದರೆ ಐಶ್ವರ್ಯ ಪ್ರದರ್ಶನ. ಊದಿ ಮಾಡುವ ಗಾಜು ದೊಡ್ಡ ಹಾಳೆಯಾಗಿ ಬರುತ್ತಿರಲಿಲ್ಲ. ಅಂಗೈಯಗಲದ ಚೂರುಗಳನ್ನು ಸೀಸದ ಪಟ್ಟಿಯಲ್ಲಿ ಸೇರಿಸಿ ಕಿಟಕಿ ಮಾಡಬೇಕು. ಅಂಥ ಕಿಟಕಿಗೆ ಸ್ವಂತ ಬಲವೇ ಇಲ್ಲ, ಗಾಳಿಗೆ ಬಾಗುತ್ತದೆ. ಅದನ್ನು ಹಿಡಿಯಲು ಕಲ್ಲಿನ ಉದ್ದಪಟ್ಟಿ, ಅಡ್ಡಪಟ್ಟಿಗಳ ಚೌಕಟ್ಟು ಬೇಕು. ಹಾರ್ಡ್‌ವಿಕ್‌ನ ಮುಂಭಾಗ ಪೂರ್ತಿ ಅಂಥ ಕಲ್ಲಿನ ಬಲೆ.

ಸರಿ, ಗೋಡೆ ತುಂಬಾ ತೂತು ಮಾಡಿದರೆ ಮನೆ ನಿಲ್ಲುವುದು ಹೇಗೆ? ಇದೇ ನನಗೆ ಬಹಳ ಇಷ್ಟವಾದ ಭಾಗ. ಒಂದು ಹಾಳೆಯನ್ನು ಮೇಜಿನ ಮೇಲೆ ನಿಲ್ಲಿಸಿ ನೋಡಿ, ಬೀಳುತ್ತದೆ. ಅದನ್ನೇ ಅಲ್ಲಲ್ಲಿ ಮಡಚಿ ನಿಲ್ಲಿಸಿ, ನಿಲ್ಲುತ್ತದೆ. ಆರು ಗೋಪುರಗಳು ಮಾಡುವುದು ಇದನ್ನೇ. ಮನೆ ಉದ್ದನೆಯ ಚೌಕ. ಎರಡು ಗೋಪುರ ಮುಂದೆ, ಎರಡು ಹಿಂದೆ, ಎರಡು ಅಕ್ಕಪಕ್ಕ. ಗೋಡೆ ಎಲ್ಲೂ ಬಹಳ ಉದ್ದ ಓಡುವುದಿಲ್ಲ, ಅಷ್ಟರಲ್ಲೇ ಒಂದು ಗೋಪುರ ಬಂದು ಮಡಿಕೆಯಾಗುತ್ತದೆ. ದೂರದಿಂದ ನೋಡಿದವರಿಗೆ ಗೋಪುರ ಅಂದಚಂದಕ್ಕೆ ಅನ್ನಿಸುತ್ತದೆ. ಅಂದವೂ ಹೌದು, ಊರುಗೋಲೂ ಹೌದು.

ಇನ್ನೊಂದು ಉಪಾಯ ಮನೆಯೊಳಗಿದೆ. ಸಾಮಾನ್ಯವಾಗಿ ಇಂಥ ಮನೆಗಳ ಅಗ್ಗಿಷ್ಟಿಕೆ ಮತ್ತು ಹೊಗೆಗೂಡು ಹೊರಗೋಡೆಯಲ್ಲಿ ಇರುತ್ತಿದ್ದವು. ಹೊರಗೋಡೆಯೆಲ್ಲ ಕಿಟಕಿಗೆ ಬೇಕಾದಾಗ ಹೊಗೆಗೂಡಿಗೆ ಜಾಗವೆಲ್ಲಿ? ಸ್ಮಿತ್‌ಸನ್ ಅವುಗಳಲ್ಲಿ ಹೆಚ್ಚಿನವನ್ನು ಮನೆಯ ನಡುವೆ ಬೆನ್ನುಮೂಳೆಯಂತೆ ಹಾದುಹೋಗುವ ದಪ್ಪ ಕಲ್ಲಿನ ಗೋಡೆಯೊಳಗೆ ಹುದುಗಿಸಿದ. ಮಹಡಿಯ ತೊಲೆಗಳ ಭಾರ ಹೊರುವುದೂ ಆ ಗೋಡೆಯೇ, ಹೊಗೆಯನ್ನು ಮೇಲಕ್ಕೆ ಒಯ್ಯುವುದೂ ಆ ಗೋಡೆಯೇ. ಹೊರಗಿನ ಗೋಡೆ ಹಗುರವಾಗಿ ಗಾಜು ಹಿಡಿದುಕೊಂಡು ನಗುತ್ತಾ ನಿಂತಿದೆ, ದುಡಿಮೆಯೆಲ್ಲ ಒಳಗೋಡೆಯದ್ದು.

ಮತ್ತೆ ಸ್ವಲ್ಪ ಮೋಸವೂ ಇದೆ :-) ಹೊರಗಿನಿಂದ ಒಂದೇ ಎತ್ತರದ ಕಿಟಕಿಯಂತೆ ಕಾಣುವ ಕೆಲವು ಕಡೆ ಒಳಗೆ ಎರಡು ಅಂತಸ್ತಿದೆ. ಕೆಲವು ಕಿಟಕಿಗಳ ಗಾಜಿನ ಹಿಂದೆ ಕೋಣೆಯೇ ಇಲ್ಲ, ಬರೀ ಕಲ್ಲು. ಎಡಬಲ ಒಂದೇ ಸಮ ಕಾಣಬೇಕಲ್ಲ, ಅದಕ್ಕೆ! ಗೋಡೆಗಿಂತ ಗಾಜು ಹೆಚ್ಚೆಂದು ಪ್ರಾಸ ಕಟ್ಟಿದವರಿಗೆ ಈ ಸಂಗತಿ ಗೊತ್ತಿತ್ತೋ ಇಲ್ಲವೋ.

ಎಡಬಲ ಸಮ ಮಾಡುವ ಈ ಹಟವೇ ಇನ್ನೊಂದು ದೊಡ್ಡ ಬದಲಾವಣೆಗೆ ಕಾರಣವಾಯಿತು. ಹಳೇ ಇಂಗ್ಲಿಷ್ ಮನೆಗಳಲ್ಲಿ ಹಾಲ್ ಎಂದರೆ ಎಲ್ಲರೂ ಸೇರಿ ಉಣ್ಣುವ ದೊಡ್ಡ ಪಡಸಾಲೆ. ಅದು ಮನೆಯ ಮುಂಭಾಗದ ಉದ್ದಕ್ಕೆ ಇರುತ್ತಿತ್ತು. ಬಾಗಿಲು ಅದರ ಒಂದು ತುದಿಯಲ್ಲಿ. ಹಾಗಾಗಿ ಮುಂಬಾಗಿಲು ನಟ್ಟನಡುವೆ ಬರುವುದು ಕಷ್ಟವಿತ್ತು. ಇಲ್ಲಿ ಆ ಪಡಸಾಲೆಯನ್ನೇ ತಿರುಗಿಸಿ ಮನೆಗೆ ಅಡ್ಡಲಾಗಿ ಮಲಗಿಸಿದ್ದಾರೆ. ಮುಂಭಾಗದ ನಡುಮಧ್ಯದ ಬಾಗಿಲಿನಿಂದ ಒಳಗೆ ಬಂದರೆ ನೇರ ಪಡಸಾಲೆಗೇ ಕಾಲಿಡುತ್ತೀರಿ. ಇವತ್ತು ಓದುವಾಗ ಇದರಲ್ಲೇನಿದೆ ಅನ್ನಿಸುತ್ತದೆ. ಆದರೆ ಯಜಮಾನ ಆಳುಗಳ ಜೊತೆ ಕೂತು ಉಣ್ಣುತ್ತಿದ್ದ ಜಾಗ ಇಲ್ಲಿ ಬರೀ ಹಾದುಹೋಗುವ ಜಾಗವಾಯಿತು, ಆಳುಗಳಷ್ಟೇ ಅಲ್ಲಿ ಕೂರುವವರು. ಯಜಮಾನಿ ಮೇಲೆ ಹೋದಳು.

ಎಷ್ಟು ಮೇಲೆ ಅಂದರೆ, ನೆಲ ಅಂತಸ್ತು ಅಡುಗೆಮನೆ, ಆಳುಕಾಳಿಗೆ. ನಡುವಿನ ಅಂತಸ್ತು ಬೆಸ್‌ಳ ಸ್ವಂತ ಕೋಣೆಗಳಿಗೆ. ಎಲ್ಲಕ್ಕಿಂತ ಮೇಲಿನದ್ದು ರಾಜೋಪಚಾರಕ್ಕೆ. ಮೇಲೆ ಹೋದ ಹಾಗೆ ಅಂತಸ್ತಿನ ಎತ್ತರ ಹೆಚ್ಚುತ್ತದೆ, ಕಿಟಕಿಯೂ ದೊಡ್ಡದಾಗುತ್ತದೆ. ಹೊರಗೆ ನಿಂತು ಕಿಟಕಿಯ ಅಳತೆ ನೋಡಿಯೇ ಒಳಗಿರುವವರ ಅಂತಸ್ತು ಹೇಳಬಹುದು! ಪಡಸಾಲೆಯಿಂದ ಹೊರಟ ಕಲ್ಲಿನ ಮೆಟ್ಟಿಲುಗಳು ಮನೆಯೊಳಗೆ ಸುತ್ತಿ ಸುತ್ತಿ ಹತ್ತುತ್ತವೆ. ಇಕ್ಕಟ್ಟು, ಮಬ್ಬು, ಮೈಗೆ ತಾಗುವಷ್ಟು ಕಲ್ಲು. ಕೊನೆಗೆ ಬಾಗಿಲು ತೆರೆದರೆ ಹೈ ಗ್ರೇಟ್ ಚೇಂಬರ್ ಎಂಬ ಬೆಳಕಿನ ಕೊಳ. ಗೋಡೆಯ ಮೇಲರ್ಧ ಪೂರ್ತಿ ಗಾರೆಯಲ್ಲಿ ಉಬ್ಬಿಸಿ ಬಣ್ಣ ಹಚ್ಚಿದ ಕಾಡು, ಪ್ರಾಣಿಗಳು, ಬೇಟೆಯ ದೇವತೆ ಡಯಾನಾ ಮತ್ತು ಅವಳ ಪರಿವಾರ. ಮದುವೆಯಾಗದ ಎಲಿಜಬೆತ್ ರಾಣಿಗೆ ಸಲ್ಲಿಸಿದ ಮುಖಸ್ತುತಿ ಅದು. ರಾಣಿ ಬಂದರೆ ಇರಲಿ ಅಂತ ಇಷ್ಟೆಲ್ಲ ಮಾಡಿದ್ದು. ರಾಣಿ ಒಮ್ಮೆಯೂ ಬರಲಿಲ್ಲ. ಕೆಳಗಿನ ಅಡುಗೆಮನೆಯಿಂದ ಇಲ್ಲಿಗೆ ಮೆರವಣಿಗೆಯಲ್ಲಿ ಹೊತ್ತು ತಂದ ಊಟ ಬಿಸಿಯಾಗಿ ಉಳಿಯುತ್ತಿತ್ತು ಅಂತ ನನಗಂತೂ ಅನ್ನಿಸುವುದಿಲ್ಲ.

ಪಕ್ಕದ ಲಾಂಗ್ ಗ್ಯಾಲರಿ ಸುಮಾರು 50 ಮೀಟರ್ ಉದ್ದ. ಮಳೆಗಾಲದಲ್ಲಿ, ಅಂದರೆ ಅಲ್ಲಿ ವರ್ಷವಿಡೀ, ಒಳಗೇ ಅಡ್ಡಾಡಲು ಇಂಥ ಗ್ಯಾಲರಿ. ಒಂದು ಕಡೆ ದೊಡ್ಡ ದೊಡ್ಡ ಕಿಟಕಿಗಳು. ಎದುರು ಒಳಗೋಡೆಯಲ್ಲಿ ಎರಡು ಭಾರಿ ಅಗ್ಗಿಷ್ಟಿಕೆ, ಒಂದರ ಮೇಲೆ ನ್ಯಾಯದ ಮೂರ್ತಿ, ಇನ್ನೊಂದರ ಮೇಲೆ ಕರುಣೆಯ ಮೂರ್ತಿ. ಆ ಗೋಡೆಗೆ ಹೊದಿಸಿರುವುದು ಗಿಡಿಯನ್ ಕಥೆ ನೇಯ್ದ 13 ಟ್ಯಾಪೆಸ್ಟ್ರಿಗಳು. ಇವನ್ನು ಬೆಸ್ ಹೊಸದಾಗಿ ನೇಯಿಸಿದ್ದಲ್ಲ. ಸರ್ ಕ್ರಿಸ್ಟೋಫರ್ ಹ್ಯಾಟನ್ ಎಂಬ ದೊಡ್ಡ ಅಧಿಕಾರಿ ಸಾಲ ಬಿಟ್ಟು ಸತ್ತಿದ್ದ, ಅವನ ಮನೆಯವರಿಂದ 1592ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಳು. ಅದರಲ್ಲಿ ಹ್ಯಾಟನ್‌ನ ಲಾಂಛನ ಇತ್ತು. ಆಕೆ ಅದರ ಮೇಲೆ ತನ್ನ ಲಾಂಛನ ಬರೆದ ಬಟ್ಟೆಯ ತೇಪೆ ಹಾಕಿಸಿದಳು, ತೇಪೆಯ ಖರ್ಚೆಂದು ಬೆಲೆಯಲ್ಲಿ ಐದು ಪೌಂಡ್ ಮುರಿದುಕೊಂಡಳು! ಹ್ಯಾಟನ್‌ನ ಗುರುತು ಹೆಣ್ಣುಜಿಂಕೆ, ಬೆಸ್‌ಳ ಕುಟುಂಬದ್ದು ಗಂಡುಜಿಂಕೆ. ಕೊಂಬು ಬರೆಸಿದರೆ ಮುಗಿಯಿತು. ಕೋಟ್ಯಧೀಶೆಯಾದರೂ ಸಾಲದ ಮನೆಯಲ್ಲಿ ಹುಟ್ಟಿದ ಹುಡುಗಿ ಒಳಗೆ ಇನ್ನೂ ಇದ್ದಳು ಅನ್ನಿಸುತ್ತದೆ.

ಆದರೆ ಹೆಸರಿನ ವಿಷಯದಲ್ಲಿ ಜಿಪುಣತನ ಇಲ್ಲ. ಆರೂ ಗೋಪುರದ ತಲೆಯ ಮೇಲೆ ಕಲ್ಲಿನಲ್ಲಿ ಆಳೆತ್ತರದ ಅಕ್ಷರಗಳು, ಇ ಮತ್ತು ಎಸ್, ಮೇಲೆ ಕೌಂಟೆಸ್‌ಳ ಕಿರೀಟ. ಆಕಾಶದ ಎದುರು ಯಾವ ದಿಕ್ಕಿನಿಂದ ಬಂದರೂ ಕಾಣುವ ಹಾಗೆ. ಎಲಿಜಬೆತ್ ಶ್ರೂಸ್‌ಬರಿ. ಇದನ್ನು ಎಲ್ಲರೂ ಹೆಮ್ಮೆ, ಜಂಬ ಅನ್ನುತ್ತಾರೆ. ನನಗೆ ಬೇರೆ ಕಾಣುತ್ತದೆ. ಎಸ್ ಎಂಬುದು ಆಕೆಯನ್ನು ಮನೆಯಿಂದ ಹೊರಗಟ್ಟಿದ ಗಂಡನ ಪದವಿ. ಹಾರ್ಡ್‌ವಿಕ್ ಎಂಬ ತವರಿನ ಹೆಸರನ್ನು ಹಾಕಿಸಿಲ್ಲ, ಅದು ಸಣ್ಣ ಹೆಸರು. ನಿನ್ನಿಂದ ಬಂದ ಪದವಿ ನನ್ನದೇ, ನಿನ್ನ ಮನೆ ಬೇಡ, ಎಂಬ ಹಾಗಿದೆ. ತಪ್ಪಿದ್ದರೆ ತಿಳಿದವರು ತಿದ್ದಿ.

1597ರ ಅಕ್ಟೋಬರಿನಲ್ಲಿ ಆಕೆ ಹೊಸ ಮನೆಗೆ ಬಂದಳು. ಎಪ್ಪತ್ತು ವರ್ಷದ ಮುದುಕಿ.

ಬೆಳಕಿನ ಮನೆಯಲ್ಲಿ ಎಲ್ಲರೂ ಸುಖವಾಗಿದ್ದರು ಅಂದುಕೊಳ್ಳಬೇಡಿ. ಆಕೆಯ ಮೊಮ್ಮಗಳು ಆರ್ಬೆಲ್ಲಾ ಸ್ಟುವರ್ಟ್, 1575ರಲ್ಲಿ ಹುಟ್ಟಿದವಳು, ಇಂಗ್ಲೆಂಡಿನ ಸಿಂಹಾಸನಕ್ಕೆ ಹಕ್ಕಿದ್ದ ಹುಡುಗಿ. ಅದೇ ಅವಳ ಶಾಪ. ಯಾರಾದರೂ ಮದುವೆಯಾಗಿ ಸಿಂಹಾಸನ ಕೇಳಿಯಾರು ಎಂಬ ಭಯಕ್ಕೆ ಅಜ್ಜಿಯ ಕಣ್ಗಾವಲಿನಲ್ಲೇ ಬೆಳೆದಳು. 1602ರ ಕೊನೆಗೆ ಗುಟ್ಟಾಗಿ ಮದುವೆಯ ಪ್ರಯತ್ನ ಮಾಡಿ ಸಿಕ್ಕಿಬಿದ್ದಳು. ಅಜ್ಜಿ ಮೊಮ್ಮಗಳ ಮಾತು ಮುರಿಯಿತು, ಉಯಿಲಿನಿಂದಲೂ ಹೆಸರು ಹೋಯಿತು. ಆಮೇಲೆ 1610ರಲ್ಲಿ ಬೇರೊಬ್ಬನನ್ನು ಮದುವೆಯಾಗಿ, ಸೆರೆಯಾಗಿ, ತಪ್ಪಿಸಿಕೊಂಡು, ಮತ್ತೆ ಸಿಕ್ಕಿ 1615ರಲ್ಲಿ ಲಂಡನ್ ಟವರಿನಲ್ಲಿ ಸತ್ತಳು. ಹೆಣ್ಣು ತನ್ನದೇ ಮನೆ ಕಟ್ಟಿಕೊಂಡ ಕಥೆ ಹೇಳುವಾಗ ಈ ಹೆಣ್ಣುಮಗಳನ್ನು ಬಿಟ್ಟು ಹೇಳುವುದು ಸರಿಯಲ್ಲ. ಗಂಡನಿಂದ ತಾನು ಅನುಭವಿಸಿದ್ದನ್ನೇ ಬೆಸ್ ಮೊಮ್ಮಗಳಿಗೆ ಮಾಡಿದಳು. (ಮನೆಯಲ್ಲಿ ಸ್ಕಾಟ್‌ಲೆಂಡಿನ ರಾಣಿ ಮೇರಿಯ ಹೆಸರಿನ ಕೋಣೆಯೂ ಇದೆ. ಮೇರಿಯ ತಲೆ ಕಡಿದದ್ದು 1587ರಲ್ಲಿ, ಪಾಯ ತೋಡಿದ್ದು 1590ರಲ್ಲಿ. ಕೋಣೆಗೆ ಹೆಸರಿಟ್ಟವರು ಲೆಕ್ಕ ಮಾಡಲಿಲ್ಲ.)

ಇಷ್ಟು ಗಾಜಿನ ಮನೆಯಲ್ಲಿ ಚಳಿ ಹೇಗಿದ್ದೀತು ಊಹಿಸಿ. ಫ್ರಾನ್ಸಿಸ್ ಬೇಕನ್ 1625ರ ತನ್ನ ಪ್ರಬಂಧವೊಂದರಲ್ಲಿ, ಗಾಜು ತುಂಬಿದ ಮನೆಗಳಲ್ಲಿ ಬಿಸಿಲು, ಚಳಿ ತಪ್ಪಿಸಿಕೊಳ್ಳಲು ಎಲ್ಲಿಗೆ ಹೋಗಬೇಕೋ ತಿಳಿಯದು ಎಂದು ಗೊಣಗಿದ್ದಾನೆ. ಮುಂದಿನ ತಲೆಮಾರಿನವರು ಚಾಟ್ಸ್‌ವರ್ತನ್ನೇ ಮುಖ್ಯ ಮನೆ ಮಾಡಿಕೊಂಡರು. ಹಾರ್ಡ್‌ವಿಕ್ ಎರಡನೇ ಮನೆಯಾಯಿತು. ಅದೇ ಅದರ ಅದೃಷ್ಟ! ಬೆಸ್ ಪ್ರಾಣಕ್ಕಿಂತ ಹೆಚ್ಚಾಗಿ ಕಟ್ಟಿಸಿದ ಚಾಟ್ಸ್‌ವರ್ತನ್ನು 1687ರಿಂದ ಅವರ ವಂಶದವರೇ ಒಡೆದು ಹೊಸ ರೀತಿಯಲ್ಲಿ ಕಟ್ಟಿದರು. ಹಾರ್ಡ್‌ವಿಕ್‌ನ ತಂಟೆಗೆ ಯಾರೂ ಹೋಗಲಿಲ್ಲ. ತತ್ವಜ್ಞಾನಿ ಥಾಮಸ್ ಹಾಬ್ಸ್ ಈ ಕುಟುಂಬಕ್ಕೆ ಪಾಠ ಹೇಳುತ್ತಿದ್ದವನು, 1679ರಲ್ಲಿ 91ರ ವಯಸ್ಸಿನಲ್ಲಿ ಇಲ್ಲೇ ಕೊನೆಯುಸಿರೆಳೆದ. 1950ರಲ್ಲಿ ಹತ್ತನೇ ಡ್ಯೂಕ್ ತೀರಿಕೊಂಡಾಗ ಬಂದ ಭಾರಿ ಮರಣ ತೆರಿಗೆಗೆ ಬದಲಾಗಿ ಮನೆಯನ್ನೇ ಸರಕಾರಕ್ಕೆ ಕೊಟ್ಟರು, 1959ರಲ್ಲಿ ಅದು ನ್ಯಾಷನಲ್ ಟ್ರಸ್ಟ್ ಕೈಗೆ ಬಂತು.

ಈಗ ಅವರಿಗೆ ಇರುವ ತಲೆನೋವು ಎರಡು. ಒಂದು ಬೆಳಕು. ಯಾವ ಬೆಳಕಿಗಾಗಿ ಈ ಮನೆ ಕಟ್ಟಿದರೋ ಅದೇ ಟ್ಯಾಪೆಸ್ಟ್ರಿಗಳ ಬಣ್ಣ ತಿನ್ನುತ್ತದೆ. ಹಾಗಾಗಿ ಆ ಮಹಾ ಕಿಟಕಿಗಳಿಗೆ ಪರದೆ ಇಳಿಸಿಡುತ್ತಾರೆ. ಗಿಡಿಯನ್ ಸೆಟ್ಟನ್ನು ಒಂದೊಂದಾಗಿ ತೊಳೆದು ಹೊಲಿದು ಸರಿಮಾಡಲು 1999ರಿಂದ 2023ರ ತನಕ, 24 ವರ್ಷ ಹಿಡಿಯಿತು.

ಎರಡನೆಯದು ಕಲ್ಲು. ದಿಬ್ಬದ ಮರಳುಗಲ್ಲು ಕೆತ್ತಲು ಮೆತ್ತಗೆ, ಅಷ್ಟೇ ಬೇಗ ಸವೆಯುವುದೂ ಹೌದು. ಸುತ್ತಮುತ್ತ ಕಲ್ಲಿದ್ದಲಿನ ಸೀಮೆ, ಅದರ ಹೊಗೆಯನ್ನೂ ತಲೆಮಾರುಗಳ ಕಾಲ ಕುಡಿದಿದೆ. ನೀರು ಒಳಗಿಳಿದು ಚಳಿಗೆ ಹೆಪ್ಪುಗಟ್ಟಿದರೆ ಮೇಲ್ಪದರ ಹಪ್ಪಳದ ಹಾಗೆ ಏಳುತ್ತದೆ. ಗಾಜು ಒಡೆದರೆ ಬದಲಾಯಿಸಬಹುದು, ಅದನ್ನು ಹಿಡಿದ ಕಲ್ಲಿನ ಪಟ್ಟಿ ಹೋದರೆ ಕಿಟಕಿಯೇ ಹೋಗುತ್ತದೆ. ಅದಕ್ಕೆ ಅಲ್ಲಿ ಕಲ್ಲುಕುಟಿಗರ ಕೆಲಸ ಮುಗಿಯುವುದೇ ಇಲ್ಲ. ಕೆಟ್ಟ ಕಲ್ಲನ್ನು ಕಡಿದು ತೆಗೆದು, ಅಳತೆ ಹಿಡಿದು ಹೊಸದನ್ನು ಕೆತ್ತಿ ಕೂರಿಸುತ್ತಾರೆ. ಒಂದು ತುದಿಯಿಂದ ಹೊರಟು ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಮೊದಲಿನದ್ದು ಮತ್ತೆ ಕರೆಯುತ್ತಿರುತ್ತದೆ.

ಬೆಸ್ ಸತ್ತದ್ದು 1608ರ ಫೆಬ್ರವರಿಯಲ್ಲಿ. ಅಲ್ಲಿನವರು ಹೇಳುವ ದಂತಕಥೆಯೊಂದಿದೆ. ಕಟ್ಟಡ ಕಟ್ಟಿಸುತ್ತಿರುವ ತನಕ ನಿನಗೆ ಸಾವಿಲ್ಲ ಎಂದು ಯಾರೋ ಕಣಿ ಹೇಳಿದ್ದರಂತೆ. ಆ ಚಳಿಗಾಲ ಘೋರ ಹಿಮ. ಕಲಸಿದ ಗಾರೆ ಹೆಪ್ಪುಗಟ್ಟಿತಂತೆ. ಬಿಸಿ ಬಿಯರ್ ಸುರಿದು ನೋಡಿದರೂ ಕರಗಲಿಲ್ಲವಂತೆ, ಕೆಲಸ ನಿಂತಿತು, ಆಕೆಯೂ ಹೋದಳು. ಕಣಿಯ ಮಾತು ಹಾಗಿರಲಿ, ಗಾರೆಯ ಮಾತು ಮಾತ್ರ ನಿಜ. ಸುಣ್ಣದ ಗಾರೆ ಹಸಿಯಿದ್ದಾಗ ಹೆಪ್ಪುಗಟ್ಟಿದರೆ ಪುಡಿಯಾಗಿ ಉದುರುತ್ತದೆ. ಇವತ್ತಿಗೂ ಸುಣ್ಣದಲ್ಲಿ ಕೆಲಸ ಮಾಡುವವರು ಅಲ್ಲಿ ಹಿಮ ಬೀಳುವ ತಿಂಗಳುಗಳಲ್ಲಿ ಕಲ್ಲು ಕೂರಿಸುವುದನ್ನು ನಿಲ್ಲಿಸುತ್ತಾರೆ, ಆಗಷ್ಟೇ ಕೂರಿಸಿದ್ದಕ್ಕೆ ಗೋಣಿತಾಟು ಹೊದಿಸುತ್ತಾರೆ.